ಒಕ್ಕಣ್ಣನಿಗೆ ಎರಡು ಕಣ್ಣು

ಸಿನಿಮಾ ನೋಡಿ ಸುಮ್ನೆ ಮನೆಗೆ ಹೋಗೋ ಜನ ತಮಿಳುನಾಡಿನ ನಮ್ಮ ಬೋಡಿ ಕಡೆ ಹುಟ್ಟೇ ಇಲ್ಲ. ಕಾಲೇಜಿಗೆ ಕೈಮುಗಿದು ಥಿಯೇಟರ್ ಸೇರಿದ ನನಗೆ ಸುಮ್ನೆ ಹೋಗದವ್ರು ದಿನಕ್ಕೊಬ್ರು ಸಿಗ್ತಿದ್ರು.

ಒಕ್ಕಣ್ಣ ಕಡಲ್ಗಳ್ಳನ ಇಂಗ್ಲಿಷ್ ಪಿಕ್ಚರು ತಮಿಳಲ್ಲಿ ಮಾತಾಡ್ಕೊಂಡು ಮೂರು ಭಾಗ ಓಡಿತ್ತು. ಆಮೇಲೆ ಕಂಪ್ನಿಯವ್ರಿಗೆ ಜ್ಞಾನೋದಯ ಆಗಿ, ಅವನು ಒಕ್ಕಣ್ಣ ಆಗೋಕೆ ಮುಂಚಿನ ಕಥೆ ಶುರು ಮಾಡಿದ್ರು. ಅದರ ಮೊದಲ ಭಾಗದಲ್ಲಿ ಕಣ್ಣು ಹೋಗ್ಲಿಲ್ಲ. ಎರಡನೇ ಭಾಗ ತರಿಸಿ ಅಂತ ಓನರ್ ತಲೆ ತಿಂದವನು ನಾನೇ. "ಇದು ಒಂದೇ ವಾರಕ್ಕೆ ಎದ್ದು ಹೋದ್ರೆ ನೀನೂ ಎದ್ದು ಹೋಗು" ಅಂದ್ರು. ಎದ್ದು ಎಲ್ಲಿಗೆ? ಮಾಮನ ಗೋಡೌನಿಗೆ, ಏಲಕ್ಕಿ ಆರಿಸೋಕೆ. ಅಪ್ಪ ಆಗ್ಲೇ ಮಾತಾಡಿ ಇಟ್ಟಿದ್ರು.

೧. ಅಜ್ಜಿ ನೋಡಿದ್ದು

ಜನ ಸೇರಲಿ ಅಂತ ಅಜ್ಜೀನೂ ಕೂರಿಸಿದೆ.

"ಇವನಿಗೆ ಎರಡು ಕಣ್ಣಿದೆಯಲ್ಲೋ. ಬೇರೆ ಯಾರೋ ಇರ್ಬೇಕು."

"ಅವನೇ ಅಜ್ಜಿ. ಇನ್ನೂ ಚಿಕ್ಕ ವಯಸ್ಸು."

"ಕಣ್ಣು ಯಾವಾಗ ಹೋಗುತ್ತೆ?"

"ಮುಂದಿನ ಭಾಗದಲ್ಲಿ."

ಅಜ್ಜಿ ಸೆರಗು ಕೊಡವಿ ಎದ್ರು. "ಹೋದ್ಮೇಲೆ ಹೇಳಿ ಕಳ್ಸು. ಬಂದು ವಿಚಾರಿಸ್ಕೊಂಡು ಹೋಗ್ತೀನಿ."

೨. ಒಳಗಿನ ಕತ್ತಲೆ

ಥಿಯೇಟರ್ ಎದುರು ಟೀ ಅಂಗಡೀಲಿ ಟ್ಯೂಷನ್ ಮೇಷ್ಟ್ರಿಗೂ ಕಟಿಂಗ್ ಅಂಗಡಿ ಅಣ್ಣನಿಗೂ ದಿನಾ ಯುದ್ಧ.

"ಎರಡು ಗಂಟೆ ಹಡಗು ಅಲ್ಲಾಡಲ್ಲ ಸಾರ್. ನಮ್ಮ ಮದುರೆ ರೈಲೇ ವಾಸಿ."

"ಲೇ, ಮನುಷ್ಯನ ಒಳಗೆ ಕತ್ತಲೆ ಮೆಲ್ಲಗೆ ಕವೀಬೇಕು. ಅದಕ್ಕೇ ಕಲೆ ಅನ್ನೋದು."

"ಕವೀತು ಸಾರ್. ಇಂಟರ್ವಲ್‌ಗೆ ಮುಂಚೇನೇ ನನಗೆ ಗೊರಕೆ ಬಂದಿತ್ತು."

೩. ಕಣ್ಣು ಹೋದದ್ದು

ಪ್ರಿಂಟು ಒಂದೇ, ಥಿಯೇಟರ್ ಎರಡು. ಪಕ್ಕದೂರು ತೇವಾರಂನಲ್ಲಿ ಓಡಿ ಮುಗಿದ ರೀಲನ್ನ ಮೊಪೆಡ್‌ನಲ್ಲಿ ತಂದು ನಮ್ಮಲ್ಲಿ ಕೊಡೋದು ನನ್ನ ಕೆಲಸ. ಗುರುವಾರ, ಕೊನೇ ದಿನ, ಮ್ಯಾಟಿನಿ. ದಾರೀಲಿ ಇಳನೀರು ಕುಡಿಯೋಕೆ ನಿಂತ್ರೆ ಒಬ್ಬ ನಮ್ಮ ಪಿಕ್ಚರನ್ನ ಬೈತಿದ್ದ. ಬಿಟ್ಟು ಬರೋಕಾಗುತ್ತಾ? ಡೈರೆಕ್ಟರ್ ಪರವಾಗಿ ಅರ್ಧ ಗಂಟೆ ವಾದ ಮಾಡ್ದೆ. ರೀಲು ಕ್ಯಾರಿಯರ್ ಮೇಲೆ ಬಿಸಿಲು ಕಾಯ್ತಾ ಕೂತಿತ್ತು.

ಥಿಯೇಟರ್ ಮುಟ್ಟಿದ್ರೆ ಒಳಗೆ ಒಂದೇ ಶಿಳ್ಳೆ. ಆಪರೇಟರ್ ಅಣ್ಣ ಬೆವರ್ತಾ ನಿಂತಿದ್ರು. "ಪರದೆ ಖಾಲಿ ಬಿಟ್ರೆ ಸೀಟು ಹರೀತಾರೆ ತಂಬಿ. ಹಳೇ ಭಾಗದ ರೀಲೊಂದು ಇಲ್ಲೇ ಬಿದ್ದಿತ್ತು, ಅದನ್ನೇ ಏರಿಸ್ಬಿಟ್ಟೆ."

ಪರದೆ ಮೇಲೆ ಒಕ್ಕಣ್ಣ! ಜನ ಕಾಗದ ಹರಿದು ತೂರ್ತಿದ್ದಾರೆ, "ಹೋಯ್ತು, ಕಣ್ಣು ಹೋಯ್ತು!" ಆಮೇಲೆ ನನ್ನ ರೀಲು ಓಡ್ತು. ಕಣ್ಣು ವಾಪಸ್ ಬಂತು. ನಾನು ಬೆನ್ನಿಗೆ ಬೀಳೋ ಏಟು ಲೆಕ್ಕ ಹಾಕ್ತಾ ಗೇಟಲ್ಲಿ ನಿಂತೆ.

ಜಗಳಕ್ಕೆ ಹೊಸ ಪಾಯಿಂಟ್ ಹುಡುಕೋಕೆ ಅಂತ ಮೇಷ್ಟ್ರು, ಕಟಿಂಗ್ ಅಣ್ಣ ಇಬ್ರೂ ಎರಡನೇ ಸಲ ಬಂದಿದ್ರು. ಮೇಷ್ಟ್ರು ಕುಣೀತಾನೇ ಹೊರಗೆ ಬಂದ್ರು. "ನಡುವೆ ಭವಿಷ್ಯ ತೋರಿಸಿ ವಾಪಸ್ ಬಂದ ನೋಡು! ಏನು ತಲೆ ಆ ಡೈರೆಕ್ಟರಂದು! ಮೊನ್ನೆ ನಾನೇ ಗಮನಿಸಿರ್ಲಿಲ್ಲ."

"ಇದೊಂದು ಒಪ್ಕೋತೀನಿ ಸಾರ್. ಮೊನ್ನೆ ನಾನು ಮಲಗಿದ್ದೆ."

ಊರೆಲ್ಲಾ ಸುದ್ದಿ. ಶುಕ್ರವಾರವೂ ನಡುವೆ ಆ ಹಳೇ ರೀಲು ಏರಿಸಿದ್ವಿ, ಹೌಸ್‌ಫುಲ್. ಎರಡನೇ ವಾರದ ಪೋಸ್ಟರನ್ನ ಓನರ್ ನನ್ನ ಕೈಲೇ ಅಂಟಿಸಿದ್ರು.

ಶನಿವಾರ ತೇವಾರಂ ಥಿಯೇಟರ್ ಓನರ್ ಫೋನು. ಕಿರುಚಾಟ ನನಗೂ ಕೇಳಿಸ್ತು. "ಬೋಡೀಲಿ ಕಣ್ಣು ಹೋಗಿದೆ, ಇಲ್ಯಾಕೆ ಹೋಗ್ಲಿಲ್ಲ ಅಂತ ಜನ ನನ್ನ ಕಾಲರ್ ಹಿಡಿದಿದ್ದಾರೆ! ಸೀನ್ ಕಟ್ ಮಾಡಿ ನೀವೇ ಇಟ್ಕೊಂಡಿದ್ದೀರಾ?"

ನಮ್ಮ ಓನರ್ ಫೋನಿಟ್ಟು ನನ್ನ ಕಡೆ ತಿರುಗಿದ್ರು. "ನಿಂತ್ಕೊಂಡು ಏನೋ ನೋಡ್ತೀಯಾ? ಆ ಹಳೇ ರೀಲು ಹಾಕ್ಕೊಂಡು ಮೊಪೆಡ್ ತೆಗಿ. ಇನ್ಮೇಲೆ ಅವನಿಗೆ ಮ್ಯಾಟಿನೀಲಿ ನಮ್ಮೂರಲ್ಲಿ ಕಣ್ಣು ಹೋಗ್ಲಿ, ಸಾಯಂಕಾಲ ಅವರೂರಲ್ಲಿ."