ಬೇಡಿಕೊಳ್ಳದೆ ಕೈಮುಗಿಯುವ ಕ್ರಮ

ತಾಕೆನೊ ಊರಿನ ಪುರಾತನ ಪೂಜಾಸ್ಥಳದಲ್ಲಿ ಪೂಜೆ ನಿಷಿದ್ಧ. ಎರಡು ಸಾವಿರ ವರ್ಷದ ಹಿಂದೆ ಕಂಬ ನೆಟ್ಟಿದ್ದ ಗುಳಿಗಳು ಸಿಕ್ಕವೆಂದು ಸರ್ಕಾರ ಅವುಗಳ ಮೇಲೆ ಹೊಸ ಮರದಿಂದ ಹಳೇ ಗುಡಿ ಕಟ್ಟಿಸಿತು. ಸರ್ಕಾರಿ ಜಾಗದಲ್ಲಿ ದೇವರನ್ನು ಬೇಡುವುದು ಕಾನೂನಿಗೆ ಒಗ್ಗದ ಕಾರಣ, ಮೇಣದ ಪೂಜಾರಿಣಿಯೊಬ್ಬಳನ್ನು ಕೂರಿಸಿ ಆ ಕೆಲಸ ಒಪ್ಪಿಸಲಾಯಿತು. ಊರವರು ನಿತ್ಯ ಕೈಮುಗಿಯುತ್ತಿದ್ದ ಕಲ್ಲೊಂದು ಅಲ್ಲೇ ಇತ್ತು. ಅದು ಬರೀ ಮುನ್ನೂರು ವರ್ಷದ್ದೆಂದು ಸಾಬೀತಾದುದರಿಂದ, ಪುರಾತನತೆಗೆ ಧಕ್ಕೆಯೆಂದು ಉಗ್ರಾಣಕ್ಕೆ ಸಾಗಿಸಲಾಯಿತು.

ಹಿಸಾಯೊ ಅಜ್ಜಿಯ ಗಂಡನಿಗೆ ಮರುದಿನ ಎದೆಯ ಶಸ್ತ್ರಚಿಕಿತ್ಸೆ. ಆಕೆ ಟಿಕೆಟ್ ಕೊಂಡು ಒಳಹೋಗಿ, ಕಲ್ಲಿದ್ದ ಜಾಗದಲ್ಲಿ ಅನ್ನದ ಉಂಡೆಯಿಟ್ಟು, ಬೇಡಿಕೊಳ್ಳುವಾಗಿನ ರೂಢಿಯಂತೆ ಎರಡು ಸಲ ಚಪ್ಪಾಳೆ ತಟ್ಟಿ ಕೈಮುಗಿದಳು. ಮೇಲ್ವಿಚಾರಕ ಕುರೊಗಿ ಓಡಿಬಂದ.

“ಅಜ್ಜಿ, ಇಲ್ಲಿ ಬೇಡ್ಕೊಳ್ಳೋ ಹಾಗಿಲ್ಲ.”

“ಪೂಜಾಸ್ಥಳ ಅಂತ ಬೋರ್ಡ್ ಹಾಕಿದೀಯಲ್ಲಪ್ಪ?”

“ಅದು ಎರಡು ಸಾವಿರ ವರ್ಷದ ಹಿಂದಿನವರಿಗೆ.”

“ನೀನು ಪಾಸಾಗ್ಲಿ ಅಂತ ನಿಮ್ಮಮ್ಮ ಇಲ್ಲೇ ಮೂರು ವರ್ಷ ಬೇಡ್ಕೊಂಡ್ಳು. ಆಗ ಯಾರೂ ಓಡಿ ಬರ್ಲಿಲ್ಲ.”

ಕುರೊಗಿ ನಡುಬಗ್ಗಿಸಿ ಕ್ಷಮೆ ಕೇಳಿ, ಅನ್ನದ ಉಂಡೆಗೆ ‘ಆಧುನಿಕ ವಸ್ತು’ ಎಂಬ ಚೀಟಿ ಅಂಟಿಸಿ ವಶಪಡಿಸಿಕೊಂಡ. ಅಜ್ಜಿ ಕದಲಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೇಲಿನವರ ಅಪ್ಪಣೆ ಬಂತು: ಆ ಕಾಲದ ನಾರುಬಟ್ಟೆ ಉಟ್ಟು ಪುರಾತನಳಾದರೆ ಅಜ್ಜಿ ಕೈಮುಗಿಯಬಹುದು, ಅದು ಪ್ರಾರ್ಥನೆಯಲ್ಲ, ಪ್ರದರ್ಶನ. ಆದರೆ ಮನಸ್ಸಿನಲ್ಲಿ ಏನನ್ನೂ ಬೇಡಿಕೊಳ್ಳಕೂಡದು.

ಅಜ್ಜಿ ನಾರುಬಟ್ಟೆ ಉಟ್ಟು ಎರಡು ಸಲ ಚಪ್ಪಾಳೆ ತಟ್ಟಿ ಕಣ್ಣುಮುಚ್ಚಿ ನಿಂತಳು. ಪ್ರವಾಸಿಗಳು ಫೋಟೊ ತೆಗೆದುಕೊಂಡರು.

“ಒಳಗೆ ಏನಾದ್ರೂ ಕೇಳ್ಕೊಂಡ್ರಾ?” ಎಂದ ಕುರೊಗಿ.

“ಇಲ್ಲಪ್ಪ. ಸುಮ್ನೆ ತಟ್ಟಿದೆ.”

“ಕಣ್ಣಲ್ಲಿ ನೀರಿದೆ.”

“ಎರಡು ಸಾವಿರ ವರ್ಷದ್ದು.”

ಕುರೊಗಿ ಅದನ್ನು ಒಪ್ಪಿಕೊಂಡ.

ಗಂಡ ಗುಣವಾಗಿ ಮನೆಗೆ ಬಂದ. ಅಜ್ಜಿ ಷರತ್ತು ಮುರಿದಿದ್ದಕ್ಕೆ ಇದೇ ಸಾಕ್ಷಿಯೆಂದು ಇಲಾಖೆ ನೋಟೀಸು ಕಳಿಸಿತು. ಗುಣಪಡಿಸಿದ್ದು ತಾವೇ, ದೇವರಿಗೆ ಇದರಲ್ಲಿ ಯಾವ ಪಾತ್ರವೂ ಇಲ್ಲವೆಂದು ಆಸ್ಪತ್ರೆಯವರು ಮುದ್ರೆಯೊತ್ತಿ ಬರೆದುಕೊಟ್ಟ ಮೇಲೆ ಪ್ರಕರಣ ಕೈಬಿಡಲಾಯಿತು. ಪ್ರವಾಸಿಗಳಿಗೆ ಅಜ್ಜಿಯೇ ಹಿಡಿಸಿದ್ದರಿಂದ ಮೇಣದವಳು ಉಗ್ರಾಣ ಸೇರಿದಳು. ಅಜ್ಜಿಗೆ ಆಕೆಯ ಹುದ್ದೆ ಸಿಕ್ಕಿತು.

ಈಗ ಊರವರೆಲ್ಲ ಬಾಡಿಗೆಯ ನಾರುಬಟ್ಟೆ ಉಟ್ಟು ಸಾಲು ನಿಲ್ಲುತ್ತಾರೆ. ಯಾರೂ ಏನನ್ನೂ ಬೇಡಿಕೊಳ್ಳುವುದಿಲ್ಲ. ಮೊನ್ನೆ ಸಾಲಿನ ಕೊನೆಯಲ್ಲಿ ಕುರೊಗಿಯೇ ನಿಂತಿದ್ದ, ಬರಿಗಾಲಲ್ಲಿ. ಅವನ ತಾಯಿ ಹಾಸಿಗೆ ಹಿಡಿದಿದ್ದಳು.

“ಒಳಗೆ ಏನೂ ಕೇಳ್ಕೋಬಾರ್ದು, ಗೊತ್ತಲ್ಲಪ್ಪ?” ಎಂದಳು ಅಜ್ಜಿ.

“ಗೊತ್ತು, ಅಜ್ಜಿ.”

ಎರಡು ಸಲ ಚಪ್ಪಾಳೆ ತಟ್ಟಿ, ಗೇಟು ಮುಚ್ಚುವವರೆಗೂ ಅವನು ಏನನ್ನೂ ಕೇಳಿಕೊಳ್ಳದೆ ನಿಂತ.