ಗಾಳಿಗಿಟ್ಟ ಪೆನ್ನುಗಳು

ಹೆನ್ನಿಂಗ್ ಟ್ರೌಬನಿಗೆ ನಾಲ್ಕು ದಿನದಿಂದ ಹೊಟ್ಟೆ ಕಟ್ಟಿತ್ತು. ಬೇರೆ ಯಾರಾದರೂ ಆಗಿದ್ದರೆ ನಾಲ್ಕು ಒಣ ಪ್ಲಮ್ ತಿಂದು ಸುಮ್ಮನಾಗುತ್ತಿದ್ದರು. ಇವನ ಕೆಲಸವೋ, ಕರುಳಿನ ನರಗಳ ಪ್ರಯೋಗಾಲಯದಲ್ಲಿ. ಕೈ ನಡುಗಿಸುವ ಪಾರ್ಕಿನ್ಸನ್ ಕಾಯಿಲೆ ಕೆಲವರಿಗೆ ಹೊಟ್ಟೆಯಲ್ಲೇ ಹುಟ್ಟಿ ಬಳ್ಳಿಯ ಹಾಗೆ ತಲೆಗೆ ಹಬ್ಬುತ್ತದೆಯೇ ಎಂದು ಅಲ್ಲಿ ಹುಡುಕುತ್ತಿದ್ದರು. ಮೊದಲು ಮಲಬದ್ಧತೆ, ಆಮೇಲೆ ಮೂಗು ಮಂಕು, ನಡುಕ ಎಷ್ಟೋ ವರ್ಷದ ಮೇಲೆ.

ಕಾಫಿ ಹೊತ್ತಿನಲ್ಲಿ ಪಕ್ಕದ ಮೇಜಿನ ಗುಡ್ರುನ್ ಎದುರು ಬಾಯಿ ತಪ್ಪಿ ಹೇಳಿಬಿಟ್ಟ.

"ನಿಂಗೂ ಅರವತ್ತಾಯ್ತಲ್ಲ ಹೆನ್ನಿಂಗ್, ನಮ್ಮ ಪೆನ್ನು ಒಂದ್ಸಲ ಮೂಸಿಬಿಡು," ಎಂದಳು ಅವಳು.

ಮೂಗು ಪರೀಕ್ಷಿಸಲೆಂದೇ ಮಾಡಿದ, ಕಿತ್ತಳೆ, ಲವಂಗ, ಚರ್ಮ, ಮೀನು ಹೀಗೆ ಹನ್ನೆರಡು ವಾಸನೆಯ ಪೆನ್ನುಗಳು. ಎರಡು ವರ್ಷದಿಂದ ಅವನ್ನು ಮುನ್ನೂರು ಮುದುಕರ ಮೂಗಿಗೆ ಹಿಡಿದವಳು ಗುಡ್ರುನ್, ಜೋಪಾನ ಮಾಡಿದವನು ಹೆನ್ನಿಂಗ್. ಕಣ್ಣು ಮುಚ್ಚಿ ಮೂಸಿದ. ಒಂದೂ ಬರಲಿಲ್ಲ. ಮೀನು ಕೂಡ ಬರಲಿಲ್ಲ.

ಸುದ್ದಿ ಮಹಡಿಯಿಂದ ಮಹಡಿಗೆ ಹಬ್ಬಿತು. ಒಬ್ಬ ಬೆನ್ನು ತಟ್ಟಿದ, ಒಬ್ಬಳು ಪ್ಲಮ್ ತಂದಳು. ನೆಲಮಾಳಿಗೆಯಲ್ಲಿ ಸತ್ತವರ ಕರುಳು ಕೂಡಿಡುವ ಡೀಟ್ಮಾರ್ ಮಾತ್ರ ಪಕ್ಕಕ್ಕೆ ಕರೆದು, "ಹೋದ್ಮೇಲೆ ಕರುಳು ನಮಗೇ ಕೊಡ್ತೀಯ ತಾನೆ?" ಎಂದು ಮೆತ್ತಗೆ ಕೇಳಿದ.

ಹೆನ್ನಿಂಗ್ ಕಿಟಕಿ ತೆರೆದು ನಿಂತ. ಗಂಟೆಗೊಮ್ಮೆ ಗಾಳಿಯಾಡಿಸದಿದ್ದರೆ ಆ ಊರಿನವರಿಗೆ ಉಸಿರು ಕಟ್ಟುತ್ತದೆ. ಕೆಳಗೆ ಲಾನ್ ನದಿ ನಿದ್ದೆಗಣ್ಣಿನಲ್ಲಿ ಹರಿಯುತ್ತಿತ್ತು. ನಿವೃತ್ತಿಯಾದ ಮೇಲೆ ಹೆಂಡತಿ ಉರ್ಸೆಲ್‌ಳನ್ನು ಕೂರಿಸಿಕೊಂಡು ಅಲ್ಲಿ ದೋಣಿ ನಡೆಸಬೇಕೆಂಬುದು ಅವನ ಬಹುದಿನದ ಕನಸು. ನಡುಗುವ ಕೈಗೆ ಹುಟ್ಟು ಸಿಕ್ಕೀತೆ? ದಡದ ಲಿಂಡನ್ ಮರಗಳ ಹೂವಿನ ಪರಿಮಳ ತೇಲಿ ಬಂದ ಹಾಗಾಯಿತು. ಪಾಪ, ಬರೀ ನೆನಪಿರಬೇಕು ಎಂದುಕೊಂಡು ಕಣ್ಣೊರೆಸಿಕೊಂಡ.

ಸಮಾಧಾನ ಹೇಳಲು ಬಂದ ಪ್ರೊಫೆಸರ್ ಓಸ್ಟರ್‌ಕಾಂಪ್, ಮಾತಿನ ನಡುವೆ ಮೀನಿನ ಪೆನ್ನನ್ನು ಮೂಗಿಗೆ ಹಿಡಿದರು. ಅವರಿಗೂ ವಾಸನೆ ಬರಲಿಲ್ಲ. ಗುಡ್ರುನ್‌ಗೆ ಕೊಟ್ಟರು. ಅವಳೂ ಇಲ್ಲವೆಂದು ತಲೆಯಾಡಿಸಿದಳು. ಮೂವರಿಗೂ ಒಂದೇ ದಿನ ಒಂದೇ ಕಾಯಿಲೆ ಬರಲಾರದು.

ಅಂದರೆ ಹೂವಿನ ಪರಿಮಳ ನಿಜವೇ! ಹೆನ್ನಿಂಗ್ ಆಗಲೇ ಮನಸ್ಸಿನಲ್ಲಿ ದೋಣಿ ಹತ್ತಿದ್ದ.

"ಹೆರ್ ಟ್ರೌಬ್, ಇವನ್ನ ಹೇಗೆ ಇಡ್ತಿದ್ರಿ?" ಪ್ರೊಫೆಸರ್ ನಿಧಾನವಾಗಿ ಕೇಳಿದರು.

"ಮೀನಿನ ನಾತ ತಡೆಯಕ್ಕಾಗ್ತಿರ್ಲಿಲ್ಲ. ದಿನಾ ಸಂಜೆ ಹನ್ನೆರಡರದ್ದೂ ಮುಚ್ಚಳ ತೆಗೆದು ಕಿಟಕೀಲಿ ಗಾಳಿಗಿಡ್ತಿದ್ದೆ."

"ಎಷ್ಟು ದಿನದಿಂದ?"

ಎರಡು ವರ್ಷ. ನಿಮ್ಮ ಮೂಗು ಹೋಗಿದೆ ಎಂದು ಹೇಳಿಸಿಕೊಂಡು ಪೆಚ್ಚಾಗಿ ಮನೆಗೆ ಹೋದ ಮುನ್ನೂರು ಮುದುಕರು. ಹೆನ್ನಿಂಗನ ತಲೆ ಇನ್ನೂ ನೆಪ ಹುಡುಕುತ್ತಿತ್ತು. ಹೊಟ್ಟೆಗೂ ಅದರದೇ ಬುದ್ಧಿಯಿದೆ, ಎಷ್ಟೋ ಸಲ ತಲೆಗಿಂತ ಮೊದಲು ಅದಕ್ಕೇ ತಿಳಿಯುತ್ತದೆ ಎಂದು ಪ್ರೊಫೆಸರ್ ಯಾವಾಗಲೂ ಹೇಳುತ್ತಿದ್ದರು. ನಾಲ್ಕು ದಿನದ ಕಟ್ಟು ಆ ಕ್ಷಣ ಬಿಚ್ಚಿಕೊಂಡಿತು. ಹೆನ್ನಿಂಗ್ ಶೌಚಾಲಯದತ್ತ ಓಡಿದ.