ರೇಡಿಯೋದಲ್ಲಿ ದನ ಕಾಯ್ದವರು

"ನಿನಗೆ ಡಿಗ್ರಿ ಈ ಜನ್ಮದಲ್ಲಿ ಆಗಲ್ಲ, ದನ ಕಾಯೋಕೆ ಹೋಗು" ಎಂದವರು ನಮ್ಮ ಭಾವ. ನಾನು ಪಿಯುಸಿಯಲ್ಲಿ ಡುಮ್ಕಿ ಹೊಡೆದ ದಿನ. ನಪಾಸಾದವರಿಗೆಲ್ಲ ಹೇಳುವ ಮಾತೇ ಇದು, ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಆದರೆ ನಮ್ಮಪ್ಪ ನಿಜಕ್ಕೂ ಊರವರ ದನ ಕಾಯುತ್ತಿದ್ದ, ಅಂದು ಅಲ್ಲೇ ಪಕ್ಕದಲ್ಲಿ ಕೂತಿದ್ದ. ನನಗೆ ಒಂದು ಕರುವಿನ ಹಗ್ಗ ಹಿಡಿಯಲೂ ಬಿಡದೆ ಓದಿಸಿದವನು. ಅಲ್ಲಿಂದಾಚೆ ನಾನು ಓದಿದ್ದು ಸರಸ್ವತಿಯ ಮೇಲಿನ ಭಕ್ತಿಯಿಂದಲ್ಲ, ಭಾವನ ಮೇಲಿನ ಸಿಟ್ಟಿನಿಂದ. ಭಕ್ತಿ ಪರೀಕ್ಷೆಯ ಹಿಂದಿನ ದಿನ ಕೈಕೊಡುತ್ತದೆ, ಸಿಟ್ಟು ಕೊಡುವುದಿಲ್ಲ. ಬಿ.ಎ. ಮುಗಿಸಿದಾಗ ಭಾವ, "ಅದೂ ಒಂದು ಡಿಗ್ರಿನಾ?" ಎಂದರು. ಸರಿ, ಎಂ.ಎ. ಮಾಡಲು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿಗೇ ಬಂದೆ.

ಬಂದು ಹಿಡಿದ ವಿಷಯವೋ! ಹಳೆಯ ಕಾಲದ ಅಮೆರಿಕದ ರೇಡಿಯೋದಲ್ಲಿ ದನಗಾಹಿಗಳ, ಅಂದರೆ ಕೌಬಾಯ್‌ಗಳ, ಹಾಡುಗಳನ್ನು ಮೂರು ನಾಲ್ಕು ಜನ ಸೇರಿ, ಒಬ್ಬ ಮೇಲೆ, ಒಬ್ಬ ಕೆಳಗೆ, ಒಬ್ಬ ನಡುವೆ ದನಿ ಹೊಂದಿಸಿ ಹಾಡುತ್ತಿದ್ದ ತಂಡಗಳು. ವಾಸ ಪಕ್ಕದ ಸೊಲಿಹಲ್‌ನಲ್ಲಿ, ಅಷ್ಟರಲ್ಲಿ ಅಕ್ಕನ ಜೊತೆ ಅಲ್ಲಿಗೆ ಬಂದು ನೆಲೆಸಿದ್ದ ಅದೇ ಭಾವನ ಮನೆಯ ಪುಟ್ಟ ಕೋಣೆಯಲ್ಲಿ. ಆ ಧ್ವನಿಮುದ್ರಣ ಹಾಕಿದರೆ ಮೊದಲು ಬರುವುದು ಹಾಡಲ್ಲ, ಚರಚರ ಸದ್ದು. ಅಕ್ಕ ಒಗ್ಗರಣೆ ಸೀಯುತ್ತಿದೆಯೆಂದು ಅಡುಗೆಮನೆಗೆ ಓಡುತ್ತಿದ್ದಳು.

"ಏನೋ ಅದು?" ಎಂದರು ಭಾವ.

"ದನ ಕಾಯೋರ ಹಾಡು, ಭಾವ."

ಅವರು ಸೋಫಾದಲ್ಲಿ ಹೊರಳಾಡಿ ನಕ್ಕರು. "ಊರಲ್ಲೇ ಹೇಳಿದ್ನಲ್ಲೋ! ಅಲ್ಲೇ ಕಾಯ್ದಿದ್ರೆ ವಿಮಾನ ಹತ್ತೋ ಕಷ್ಟ ತಪ್ತಿತ್ತು."

ಆಮೇಲೆ ಲೆಸ್ಟರ್‌ನಿಂದ ನೆಂಟರು ಬಂದರೂ ಟೀ ಜೊತೆಗೆ ಇದೇ: "ನಮ್ಮ ಬಾಮೈದ ಇಂಗ್ಲೆಂಡಿನಲ್ಲಿ ದನ ಕಾಯ್ತಾನೆ." ನಾನೂ ನಗುತ್ತಿದ್ದೆ. ಅವರ ಮನೆಯ ಹೀಟಿಂಗು ನನಗೆ ಬೇಕಿತ್ತು.

ಪದವಿ ಪ್ರದಾನಕ್ಕೆ ಅಕ್ಕ ಹಟ ಹಿಡಿದು ಅಪ್ಪನನ್ನು ಕರೆಸಿದಳು. ಕರಿ ನಿಲುವಂಗಿ, ಚೌಕದ ಟೋಪಿ ತೊಟ್ಟು ವೇದಿಕೆ ಇಳಿದವನೇ ಸರ್ಟಿಫಿಕೇಟನ್ನು ಅಪ್ಪನ ಕೈಗೆ ಕೊಟ್ಟೆ, ಭಾವನಿಗೆ ಚೆನ್ನಾಗಿ ಕಾಣುವ ಹಾಗೆ.

"ಏನಂತ ಬರೆದಿದ್ದಾರೆ, ಮಾವ? ದನ ಕಾಯೋದ್ರಲ್ಲಿ ಪಂಡಿತ ಅಂತಾನಾ?" ಎಂದರು ಭಾವ.

ಅಪ್ಪ ಅತ್ತ ತಿರುಗಲೇ ಇಲ್ಲ. "ಅಲ್ಲ ಕಣ್ಲಾ, ನೀನು ಓದಿದ ಆ ರೇಡಿಯೋದೋರು ಎಲ್ರೂ ಒಟ್ಗೆ ನಿಂತ್ಕಂಡು ಹಾಡ್ತಿದ್ರೆ ದನ ಯಾರು ನೋಡ್ಕತಿದ್ರು?"

"ಅವರಲ್ಲಿ ಸುಮಾರು ಜನ ದನ ಕಾಯ್ದವರೇ ಅಲ್ಲಪ್ಪ. ದನಗಾಹಿ ಟೋಪಿ ಇಟ್ಕೊಂಡು ರೇಡಿಯೋದಲ್ಲಿ ಹಾಡ್ತಿದ್ರು, ಅಷ್ಟೆ."

ಅಪ್ಪ ನನ್ನ ಟೋಪಿಯನ್ನೊಮ್ಮೆ ನೋಡಿದ.

"ನಿನ್ನಂಗೇ ಅನ್ನು. ಹಂಗಾರೆ ಅವ್ರೂ ಪಾಸೇ ಬುಡು."